ಗಂಟಲ ಕೆರೆತ ಮತ್ತು ಮೈ ದಣಿವು



ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಸಾಕು, ಮನೆಯ ಯಜಮಾನರು ಅದರ ಕಿವಿ ಮುಟ್ಟಿ ನೋಡುತ್ತಾರೆ, ಮೂಗು ಒಣಗಿದೆಯೇ ಎಂದು ನೋಡುತ್ತಾರೆ, ಮರುದಿನವೇ ದನದ ದವಾಖಾನೆಗೆ ಹೊಡೆದುಕೊಂಡು ಹೋಗುತ್ತಾರೆ. ಇದು ಒಳ್ಳೆಯ ರೂಢಿ. ಆದರೆ ಅದೇ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಎರಡು ವರ್ಷದಿಂದ ಗಂಟಲು ಕೆರೆದುಕೊಳ್ಳುತ್ತ, ಕೆಮ್ಮುತ್ತ ಇರುತ್ತಾಳೆ. ನಡುಹೊತ್ತಿಗೇ ಕೈಕಾಲು ಸೋತು ಕೂಡುತ್ತಾಳೆ. ಆಕೆಯನ್ನು ಯಾರೂ ಮುಟ್ಟಿ ನೋಡುವುದಿಲ್ಲ. "ಮೈಗಳ್ಳಿ" ಎಂಬ ಒಂದೇ ಮಾತಿನಲ್ಲಿ ಆಕೆಯ ರೋಗಕ್ಕೆ ಹೆಸರಿಟ್ಟು ಮುಗಿಸಿಬಿಡುತ್ತಾರೆ. ಈ ಹೊತ್ತಿನ ಭಾಷಣ ಆ ಹೆಣ್ಣುಮಗಳ ಸಲುವಾಗಿ, ಆಕೆಯ ಮನೆಯವರ ಸಲುವಾಗಿ.

ನಾನು ಡಾಕ್ಟರಳಲ್ಲ. ಕಿನ್ನಾಳದ ಒಕ್ಕಲುತನದ ಮನೆಯವಳು. ಕೆಲವು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು. ಈ ಕಾಯಿಲೆಯನ್ನು ಮೈಯೊಳಗೆ ಇಟ್ಟುಕೊಂಡೇ ಹದಿನಾಲ್ಕು ವರ್ಷ ಹೊಲ, ಮನೆ ಎರಡನ್ನೂ ನೋಡಿಕೊಂಡು ಬಂದಿದ್ದೇನೆ. ಡಾಕ್ಟರರು ಹೇಳಿದ್ದು, ಪುಸ್ತಕದಲ್ಲಿ ಓದಿದ್ದು, ಮೈಯೇ ಕಲಿಸಿದ್ದು, ಮೂರನ್ನೂ ಕೂಡಿಸಿ ತಮ್ಮ ಮುಂದೆ ಇಡುತ್ತೇನೆ.

ಮೊದಲು ಗಂಟಲಿನ ಮಾತು. ನಮ್ಮ ಕಡೆ ಗಂಟಲು ಕೆರೆಯುವುದಕ್ಕೆ ಕಾರಣಗಳು ಕಡಿಮೆಯೇ? ಕಣದಲ್ಲಿ ರಾಶಿ ಮಾಡುವಾಗ ಜೋಳದ ಧೂಳು, ಸಜ್ಜೆಯ ಧೂಳು. ಮಷೀನು ಬಂದ ಮೇಲಂತೂ ಧೂಳು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮೆಣಸಿನಕಾಯಿ ಒಣಗಿಸಿ ತೊಟ್ಟು ಮುರಿಯುವಾಗ ಘಾಟು. ಕಟ್ಟಿಗೆ ಒಲೆಯ ಹೊಗೆ. ನಮ್ಮ ಕಿನ್ನಾಳದಲ್ಲಿ ಇದರ ಜೊತೆಗೆ ಇನ್ನೊಂದು: ಚಿತ್ರಗಾರರ ಮನೆಗಳಲ್ಲಿ ಗೊಂಬೆಗೆಂದು ಹಗುರಾದ ಮರ ಕೆತ್ತಿ, ಉಜ್ಜಿ, ನಯ ಮಾಡುವಾಗ ಏಳುವ ಸಣ್ಣ ಹೊಟ್ಟು. ಇವುಗಳಿಂದ ಬಂದ ಕೆರೆತಕ್ಕೆ ಒಂದು ಗುಣವಿದೆ. ಕೆಲಸ ನಿಂತರೆ ನಾಲ್ಕು ದಿನದಲ್ಲಿ ಅದೂ ನಿಲ್ಲುತ್ತದೆ. ರಾಶಿ ಮುಗಿದು ತಿಂಗಳಾದರೂ, ಹಬ್ಬಕ್ಕೆ ತವರಿಗೆ ಹೋಗಿ ಕುಳಿತರೂ, ಗಂಟಲಲ್ಲಿ ಜೋಳದ ಹೊಟ್ಟಿನ ಚೂರು ಅಂಟಿಕೊಂಡಂತೆ ಇದ್ದರೆ, ಉಗುಳು ನುಂಗುವಾಗ ಏನೋ ಅಡ್ಡ ಬಂದಂತಾದರೆ, ಧ್ವನಿ ದಪ್ಪಗಾಗಿ ಒಡೆದರೆ, ಆಗ ಧೂಳನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕು.

ಅದರಲ್ಲಿಯೂ ಆ ಗಂಟಲಿನ ಸಂಗಡ ಬರುವ ಬಳಗವನ್ನು ನೋಡಬೇಕು. ರಾತ್ರಿಯೆಲ್ಲ ಮಲಗಿದ್ದರೂ ಬೆಳಿಗ್ಗೆ ಏಳುವಾಗ ಮೈ ಕಲ್ಲಿನಂತೆ ಭಾರ. ಎಲ್ಲರಿಗೂ ಸೆಕೆಯಾದರೆ ಆಕೆಗೆ ಮಾತ್ರ ಚಳಿ; ಎಲ್ಲರಿಗೂ ಒಂದು ಹೊದಿಕೆಯಾದರೆ ಆಕೆಗೆ ಎರಡು. ಚರ್ಮ ಒಣಗಿ ಬಿಳಿಚಿಕೊಳ್ಳುತ್ತದೆ. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಮಲಬದ್ಧತೆ. ಹೊಟ್ಟೆ ತುಂಬ ಉಣ್ಣದಿದ್ದರೂ ತೂಕ ಏರುತ್ತದೆ, ಮುಖ ಊದಿಕೊಳ್ಳುತ್ತದೆ. ತಿಂಗಳ ಮುಟ್ಟು ಹೆಚ್ಚಾಗಿ ಹೋಗುತ್ತದೆ. ಒಲೆಯ ಮೇಲೆ ಏನು ಇಟ್ಟೆ ಎಂಬುದೇ ಮರೆತುಹೋಗುತ್ತದೆ. ಇವೆಲ್ಲ ಒಮ್ಮೆಲೇ ಬರುವುದಿಲ್ಲ. ಬದುವಿನ ಕರಕಿ ಹೊಲಕ್ಕೆ ಇಳಿದಂತೆ ಒಂದೊಂದಾಗಿ, ಸದ್ದಿಲ್ಲದೆ ಬರುತ್ತವೆ. ಆದುದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದರ ಮೂಲ ಎಲ್ಲಿದೆ ಎಂದರೆ, ಗಂಟಲಿನ ಮುಂಭಾಗದಲ್ಲಿ, ಗಂಟಲ ಮಣಿಯ ಕೆಳಗೆ, ಚಿಟ್ಟೆಯ ಆಕಾರದ ಒಂದು ಸಣ್ಣ ಗ್ರಂಥಿಯಲ್ಲಿ. ಇದಕ್ಕೆ ಥೈರಾಯ್ಡ್ ಗ್ರಂಥಿ ಎನ್ನುತ್ತಾರೆ. ತೂಕ 15ರಿಂದ 20 ಗ್ರಾಂ, ಅಷ್ಟೇ. ಆದರೆ ಮೈಯೆಂಬ ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವ ಕೈ ಇದೇ. ಇದು ಹುಟ್ಟಿಸುವ ರಸ ರಕ್ತದಲ್ಲಿ ಬೆರೆತು ಮೈಯ ಮೂಲೆ ಮೂಲೆಗೂ ಹೋಗುತ್ತದೆ. ರಸ ಕಡಿಮೆಯಾದರೆ ಉರಿ ತಗ್ಗುತ್ತದೆ. ಉರಿ ತಗ್ಗಿದ ಒಲೆಯ ಮೇಲೆ ಅನ್ನ ಬೇಯುವುದು ತಡವಾದಂತೆ, ಮೈಯ ಎಲ್ಲ ಕೆಲಸವೂ ತಡವಾಗುತ್ತದೆ: ಎದೆಯ ಬಡಿತ, ಹೊಟ್ಟೆಯ ಪಚನ, ತಲೆಯ ನೆನಪು, ಕಾಲಿನ ನಡಿಗೆ.

ರಸ ಯಾಕೆ ಕಡಿಮೆಯಾಗುತ್ತದೆ? ಇಲ್ಲಿಯೇ ವಿಚಿತ್ರವಿರುವುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಮ್ಮಲ್ಲಿ ಗಾದೆಯುಂಟಲ್ಲ, ಅಕ್ಷರಶಃ ಹಾಗೆಯೇ ಆಗುತ್ತದೆ. ಹೊರಗಿನಿಂದ ಬರುವ ರೋಗಾಣುಗಳನ್ನು ಹೊಡೆದಟ್ಟುವುದಕ್ಕೆಂದು ನಮ್ಮ ರಕ್ತದಲ್ಲಿ ಕಾವಲು ಪಡೆಯಿದೆ. ಕೆಲವರಲ್ಲಿ ಆ ಪಡೆ ದಾರಿ ತಪ್ಪಿ, ತನ್ನದೇ ಮೈಯ ಈ ಗ್ರಂಥಿಯನ್ನು ಪರರದೆಂದು ತಿಳಿದು ಮೇಯತೊಡಗುತ್ತದೆ. ಗ್ರಂಥಿ ಕೆಲವರಲ್ಲಿ ಊದಿ ಗಂಟಲನ್ನು ಒತ್ತುತ್ತದೆ, ಕೆಲವರಲ್ಲಿ ವರ್ಷಗಳು ಕಳೆದಂತೆ ಸೊರಗಿ ಸಣ್ಣದಾಗುತ್ತದೆ. ಜಪಾನಿನ ಹಕಾರು ಹಾಶಿಮೊಟೊ ಎಂಬ ಡಾಕ್ಟರು ನಾಲ್ವರು ಹೆಂಗಸರ ಗ್ರಂಥಿಗಳನ್ನು ಪರೀಕ್ಷಿಸಿ 1912ರಲ್ಲಿ ಈ ಕಾಯಿಲೆಯ ವರ್ಣನೆ ಬರೆದರು. ಆ ಮೇಲೆ ಅವರು ತಮ್ಮ ಹುಟ್ಟೂರಿಗೆ ಹಿಂದಿರುಗಿ ಅಲ್ಲಿಯೇ ರೋಗಿಗಳನ್ನು ನೋಡಿಕೊಂಡು ಇದ್ದುಬಿಟ್ಟರು. ಬೇಲಿಯೇ ಹೊಲ ಮೇಯುತ್ತಿದೆ ಎಂಬುದು ತಿಳಿದದ್ದು 1956ರಲ್ಲಿ. ಲಂಡನ್ನಿನ ಐವನ್ ರಾಯ್ಟ್, ಡೆಬೋರಾ ಡೋನಿಯಾಕ್ ಮತ್ತು ಅವರ ಸಂಗಡಿಗರು ಇಂಥ ರೋಗಿಗಳ ರಕ್ತದಲ್ಲಿ ಸ್ವಂತ ಗ್ರಂಥಿಯ ವಿರುದ್ಧವೇ ಹುಟ್ಟಿದ ವಸ್ತುವನ್ನು ತೋರಿಸಿಕೊಟ್ಟರು. ಈ ಕಾಯಿಲೆ ಗಂಡಸರಿಗೂ ಬರುತ್ತದೆ. ಆದರೆ ಹೆಂಗಸರಲ್ಲಿ ಅದರ ಹಲವು ಪಟ್ಟು ಹೆಚ್ಚು. ತಾಯಿಗೋ ಅಕ್ಕನಿಗೋ ಇದ್ದರೆ ಮಗಳಿಗೆ, ತಂಗಿಗೆ ಬರುವ ಸಂಭವ ಅಧಿಕ. ಒಬ್ಬರಿಂದೊಬ್ಬರಿಗೆ ಅಂಟುವ ಕಾಯಿಲೆ ಇದಲ್ಲ. ಆಕೆಯ ತಟ್ಟೆ, ತಂಬಿಗೆ ಬೇರೆ ಇಡಬೇಕಾದ ಕಾರಣವೇ ಇಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಗಂಟಲು ಊದಿತು ಎಂದೊಡನೆ ಹಿರಿಯರು "ಗಳಗಂಡ, ಉಪ್ಪು ಬದಲಿಸ್ರಿ" ಎನ್ನುತ್ತಾರೆ. ಅಯೋಡಿನ್ ಸಾಲದೆ ಬರುವ ಗಳಗಂಡ ಉಂಟು, ಸುಳ್ಳಲ್ಲ. ಅದರ ಸಲುವಾಗಿಯೇ ನಮ್ಮ ದೇಶದಲ್ಲಿ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರಬಾರದೆಂಬ ನಿಯಮ 2006ರಿಂದ ಮತ್ತೆ ಜಾರಿಗೆ ಬಂದಿದೆ. ಅಯೋಡಿನ್ ಉಪ್ಪನ್ನೇ ತರಬೇಕು, ಮುಚ್ಚಳವಿರುವ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಬೇಕು. ಆದರೆ ಬೇಲಿ ಮೇಯುವ ಕಾಯಿಲೆಗೆ ಉಪ್ಪು ಮದ್ದಲ್ಲ. ಯಾರೋ ಹೇಳಿದರೆಂದು ಅಯೋಡಿನ್ ಹನಿಗಳನ್ನು, ಕಡಲಪಾಚಿಯ ಪುಡಿಯನ್ನು ತರಿಸಿ ತಿಂದರೆ ಈ ಕಾಯಿಲೆ ಕೆರಳುವುದೂ ಉಂಟು. ಮನೆಯ ಅಡಿಗೆಯಲ್ಲಿ ಬೀಳುವ ಉಪ್ಪಿನಷ್ಟು ಸಾಕು.

ನನ್ನ ಮಾತು ಎರಡು ಹೇಳಲೇ? ನನಗೆ ಮೊದಲು ಬಂದದ್ದು ಗಂಟಲ ಕೆರೆತವೇ. ಒಂದು ದವಾಖಾನೆಯಲ್ಲಿ ಏಳೆಂಟು ತಿಂಗಳು ಕೆಮ್ಮಿನ ಔಷಧದ ಸೀಸೆಗಳನ್ನೇ ಕೊಟ್ಟರು. ದಣಿವಿನ ಮಾತೆತ್ತಿದರೆ "ವಯಸ್ಸಾಯ್ತಲ್ಲವ್ವಾ" ಎಂದರು, ನನಗಾಗ ಮೂವತ್ತಾರು. ಕಡೆಗೆ ಬೇರೊಬ್ಬ ಡಾಕ್ಟರಮ್ಮ ನನ್ನನ್ನು ಕೂಡಿಸಿ, ಒಂದು ಗುಟುಕು ನೀರು ಕುಡಿಯಹೇಳಿ, ನುಂಗುವಾಗ ಕುತ್ತಿಗೆಯ ಮೇಲೆ ಬೆರಳಿಟ್ಟು ನೋಡಿದರು. ಅರ್ಧ ನಿಮಿಷದ ಕೆಲಸ. ಆಮೇಲೆ ರಕ್ತದ ಪರೀಕ್ಷೆಗೆ ಬರೆದುಕೊಟ್ಟರು. ಆದುದರಿಂದ ತಮಗೆ ನನ್ನ ಮೊದಲ ಸೂಚನೆ ಇದು: ದವಾಖಾನೆಗೆ ಹೋದಾಗ ಗಂಟಲಿನ ಮಾತನ್ನು ಒಂದು ದಿನ, ದಣಿವಿನ ಮಾತನ್ನು ಇನ್ನೊಂದು ದಿನ ಹೇಳಬೇಡಿ. ಎರಡನ್ನೂ, ಚಳಿ, ಮುಟ್ಟು, ಮಲಬದ್ಧತೆ ಎಲ್ಲವನ್ನೂ ಒಂದೇ ಸಲ ಹೇಳಿ. ನಾಚಿಕೆ ಬಂದರೆ ಚೀಟಿಯಲ್ಲಿ ಬರೆಸಿಕೊಂಡು ಹೋಗಿ.

ಪರೀಕ್ಷೆಯ ಹೆಸರು ಟಿ.ಎಸ್.ಎಚ್. ಇದನ್ನು ಹೀಗೆ ತಿಳಿಯಬಹುದು. ತಲೆಯೊಳಗೆ ಯಜಮಾನನಂಥ ಇನ್ನೊಂದು ಗ್ರಂಥಿಯಿದೆ. ಕುತ್ತಿಗೆಯ ಗ್ರಂಥಿ ಆಳು. ಆಳು ಸರಿಯಾಗಿ ದುಡಿಯುತ್ತಿದ್ದರೆ ಯಜಮಾನ ಮೆಲ್ಲಗೆ ಮಾತಾಡುತ್ತಾನೆ. ಆಳು ಏಳದಿದ್ದರೆ ಕೂಗು ಜೋರಾಗುತ್ತದೆ. ಟಿ.ಎಸ್.ಎಚ್. ಎಂಬುದು ಆ ಕೂಗು. ಸಾಮಾನ್ಯವಾಗಿ ಅದು 0.4ರಿಂದ 4ರ ಒಳಗೆ ಇರಬೇಕು. ಪರೀಕ್ಷಾಲಯದಿಂದ ಪರೀಕ್ಷಾಲಯಕ್ಕೆ ಅಲ್ಪಸ್ವಲ್ಪ ವ್ಯತ್ಯಾಸವಿರುತ್ತದೆ. ಅಂಕಿ ಏರಿದೆ ಎಂದರೆ ಗ್ರಂಥಿ ಸೋತಿದೆ ಎಂದರ್ಥ. ನಮ್ಮ ಹೆಣ್ಣುಮಕ್ಕಳು "ನನಗ ಥೈರಾಯ್ಡ್ ಜಾಸ್ತಿ ಆಗೇತಿ" ಎಂದು ಹೇಳುವುದು ಈ ಅಂಕಿಯನ್ನು ನೋಡಿ. ನಿಜವಾಗಿ ಜಾಸ್ತಿಯಾದದ್ದು ಕೂಗು, ಕಡಿಮೆಯಾದದ್ದು ರಸ. ಬೇಲಿಯೇ ಮೇಯುತ್ತಿದೆಯೇ ಎಂಬುದನ್ನು ತಿಳಿಯಲು ಆ್ಯಂಟಿ ಟಿ.ಪಿ.ಒ. ಎಂಬ ಇನ್ನೊಂದು ಪರೀಕ್ಷೆಯಿದೆ. ಅದನ್ನು ಬೇಕಾದರೆ ಡಾಕ್ಟರರೇ ಬರೆಯುತ್ತಾರೆ. ದಣಿವಿಗೆ ರಕ್ತಹೀನತೆಯೂ ದೊಡ್ಡ ಕಾರಣವಾದುದರಿಂದ ಹಿಮೋಗ್ಲೋಬಿನ್ನನ್ನೂ ಅದೇ ದಿನ ನೋಡಿಸಿಕೊಳ್ಳುವುದು ಒಳಿತು.

ಇನ್ನು ಗುಳಿಗೆಯ ಮಾತು. ನಮ್ಮ ಕಡೆ ಕುರಿ ಸಾಕುವವರು ಬಹಳ ಮಂದಿಯಾದುದರಿಂದ ಈ ಕಥೆಯನ್ನು ಹೇಳಲೇಬೇಕು. ಇಂಗ್ಲೆಂಡಿನಲ್ಲಿ 1891ರಲ್ಲಿ ಜಾರ್ಜ್ ಮರ್ರೆ ಎಂಬ ಡಾಕ್ಟರು, ಗ್ರಂಥಿ ಸೋತು ಹಾಸಿಗೆ ಹಿಡಿಯುವಂತಾಗಿದ್ದ 46 ವರ್ಷದ ಹೆಂಗಸೊಬ್ಬಳಿಗೆ ಕುರಿಯ ಕುತ್ತಿಗೆಯ ಗ್ರಂಥಿಯ ರಸವನ್ನು ಸೂಜಿಯಿಂದ ಕೊಟ್ಟರು. ಆಕೆ ಎದ್ದಳು, ನಡೆದಳು, ಮುಂದೆ 28 ವರ್ಷ ಬಾಳಿದಳು. ಅಷ್ಟು ವರ್ಷಗಳಲ್ಲಿ ಆಕೆಯೊಬ್ಬಳಿಗೆ ಬೇಕಾದ ರಸ 870ಕ್ಕೂ ಹೆಚ್ಚು ಕುರಿಗಳದು! ಈಗ ಕುರಿಯ ಅವಶ್ಯಕತೆಯಿಲ್ಲ. ಅದೇ ರಸವನ್ನು ಕಾರ್ಖಾನೆಯಲ್ಲಿ ತಯಾರಿಸಿ ಥೈರಾಕ್ಸಿನ್ ಎಂಬ ಗುಳಿಗೆಯಾಗಿ ಕೊಡುತ್ತಾರೆ. ದೇಶದ ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಇದು ಸೇರಿದೆ. ಜನೌಷಧಿ ಅಂಗಡಿಯಲ್ಲಿ ವಿಚಾರಿಸಿದರೆ ಇನ್ನೂ ಅಗ್ಗವಾಗಿ ಸಿಕ್ಕೀತು. ಇದು ಬೇಲಿಯನ್ನು ರಿಪೇರಿ ಮಾಡುವುದಿಲ್ಲ. ಬೇಲಿ ಮೇಯ್ದು ಹೋದಷ್ಟು ಬೆಳೆಯನ್ನು ದಿನಾ ಹೊರಗಿನಿಂದ ತಂದು ತುಂಬುತ್ತದೆ. ಅದಕ್ಕೆಂದೇ ಬಹುತೇಕ ಮಂದಿಗೆ ಜೀವನಪರ್ಯಂತ ಬೇಕು.

ಈ ಗುಳಿಗೆ ಬಹಳ ಮಡಿವಂತ. ಬರಿ ಹೊಟ್ಟೆಯಲ್ಲಿ, ಬರಿ ನೀರಿನ ಸಂಗಡ ಹೋಗಬೇಕು. ನುಂಗಿದ ಮೇಲೆ ಅರ್ಧ ತಾಸು, ಆದರೆ ಒಂದು ತಾಸು, ಚಾ ಕೂಡ ಕುಡಿಯಬಾರದು. ನಮ್ಮ ಮನೆಗಳಲ್ಲಿ ಎದ್ದೊಡನೆ ಚಾ ಬೇಕು, ಕಷ್ಟವಿರುವುದು ಇಲ್ಲಿಯೇ. ನಾನು ಕಂಡುಕೊಂಡ ಉಪಾಯವೆಂದರೆ, ಗುಳಿಗೆ ಮತ್ತು ನೀರಿನ ತಂಬಿಗೆಯನ್ನು ಹಾಸಿಗೆಯ ಬದಿಯಲ್ಲಿಯೇ ಇಟ್ಟುಕೊಂಡು ಏಳುವ ಮುನ್ನ ನುಂಗುವುದು. ಆಮೇಲೆ ಅಂಗಳ ಗುಡಿಸಿ, ನೀರು ಚಿಮುಕಿಸಿ, ದನದ ಸಗಣಿ ಬಳಿದು, ಹಾಲು ಹಿಂಡಿ ಒಳಗೆ ಬರುವಷ್ಟರಲ್ಲಿ ತಾಸು ಆಗಿಯೇ ಇರುತ್ತದೆ. ಕಬ್ಬಿಣದ ಗುಳಿಗೆ, ಸುಣ್ಣದ ಅಂಶದ ಗುಳಿಗೆ, ಹೊಟ್ಟೆಯುರಿಯ ಔಷಧ, ಇವು ಈ ಗುಳಿಗೆಯನ್ನು ಹೊಟ್ಟೆಯಲ್ಲಿಯೇ ಕಟ್ಟಿಹಾಕುತ್ತವೆ. ಬಾಣಂತಿಗೆ, ಬಸುರಿಗೆ ಆಶಾ ಕಾರ್ಯಕರ್ತೆಯರು ಕಬ್ಬಿಣದ ಗುಳಿಗೆ ಕೊಡುತ್ತಾರಲ್ಲ, ಅದನ್ನು ಬಿಡಬೇಡಿ. ನಾಲ್ಕು ತಾಸಿನ ಅಂತರವಿಟ್ಟು ಮಧ್ಯಾಹ್ನ ಊಟವಾದ ಮೇಲೆ ನುಂಗಿ. ಬೇಸಿಗೆಯಲ್ಲಿ ನಮ್ಮ ತಗಡಿನ ಮನೆಗಳು ಕಾದ ಹೆಂಚಿನಂತಾಗುತ್ತವೆ. ಗುಳಿಗೆಯನ್ನು ಕಿಟಕಿಯ ಮೇಲೆ, ಒಲೆಯ ಗೂಡಿನಲ್ಲಿ ಇಟ್ಟರೆ ಅದರ ಸತ್ವ ಕೆಡುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ, ಕತ್ತಲೆಯ ಜಾಗ ಯಾವುದೆಂದು ತಮಗೇ ಗೊತ್ತು. ಬೀಜದ ಕಾಳು ಇಡುವ ಕಡೆಯೇ ಆದೀತು.

ಎಲ್ಲಕ್ಕಿಂತ ಹೆಚ್ಚು ಮಂದಿ ಎಡವುವುದು ಇನ್ನೊಂದು ಕಡೆ. ಮೂರು ತಿಂಗಳು ಗುಳಿಗೆ ನುಂಗುತ್ತಾರೆ, ಮೈ ಹಗುರಾಗುತ್ತದೆ, ಗಂಟಲು ತಿಳಿಯಾಗುತ್ತದೆ. "ಆರಾಮ ಆತಲ್ಲ, ಇನ್ನ್ಯಾಕ?" ಎಂದು ಬಿಟ್ಟುಬಿಡುತ್ತಾರೆ. ಬಿಟ್ಟ ಮರುದಿನ ಏನೂ ಆಗುವುದಿಲ್ಲ, ವಾರವಾದರೂ ಏನೂ ಆಗುವುದಿಲ್ಲ. ಆಗ ಧೈರ್ಯ ಬರುತ್ತದೆ. ಎರಿ ಭೂಮಿಯ ಹಸಿಯನ್ನು ತಾವು ಬಲ್ಲಿರಿ. ಮಳೆ ನಿಂತರೂ ಹಿಂಗಾರಿ ಜೋಳ, ಕಡಲೆ ಕೆಲವು ವಾರ ಹಸಿರಾಗಿಯೇ ನಿಲ್ಲುತ್ತವೆ. ಒಳಗಿನ ಹಸಿ ಮಾತ್ರ ದಿನಾ ಇಳಿಯುತ್ತಿರುತ್ತದೆ. ಹಾಗೆಯೇ ಈ ರಸ ರಕ್ತದಲ್ಲಿ ಅರ್ಧಕ್ಕಿಳಿಯುವುದಕ್ಕೆ ಸುಮಾರು ಏಳು ದಿನ ಬೇಕು. ಆದುದರಿಂದ ಬಿಟ್ಟದ್ದರ ಫಲ ಕಾಣುವುದು ತಿಂಗಳೊಪ್ಪತ್ತಿಗೆ. ಅಷ್ಟರಲ್ಲಿ ಬಿಟ್ಟದ್ದೇ ಮರೆತಿರುತ್ತದೆ. ದಣಿವಿಗೆ ದೇವರನ್ನೋ ದೃಷ್ಟಿಯನ್ನೋ ಕಾರಣ ಮಾಡುತ್ತಾರೆ. ಇದೇ ಲೆಕ್ಕದಿಂದ, ಗುಳಿಗೆಯ ಪ್ರಮಾಣ ಬದಲಿಸಿದರೆ ಮತ್ತೆ ಪರೀಕ್ಷೆ ಮಾಡಿಸುವುದು ಆರರಿಂದ ಎಂಟು ವಾರದ ಮೇಲೆ. ಅದಕ್ಕಿಂತ ಮೊದಲು ಮಾಡಿಸಿದರೆ ರೊಕ್ಕ ದಂಡ. ಬಹಳ ಕಾಲ ಔಷಧವಿಲ್ಲದೆ ಇದ್ದವರು, ಅದರಲ್ಲಿಯೂ ವಯಸ್ಸಾದವರು, ಚಳಿಗಾಲದಲ್ಲಿ ಮೈ ತಣ್ಣಗಾಗಿ ಮಂಪರು ಹಿಡಿದು ಮಾತಿಗೆ ಓಗೊಡದಂತಾದರೆ ಅದು ಪ್ರಾಣಾಪಾಯ. ತಡಮಾಡದೆ 108ಕ್ಕೆ ಫೋನು ಮಾಡಬೇಕು.

ಬೇಗ ಗುಣವಾಗಲೆಂದು ಒಂದರ ಬದಲು ಎರಡು ನುಂಗುವವರೂ ಇದ್ದಾರೆ. ಬೇಡ. ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ಮುಂದೆ ಎಲುಬು ಸವೆಯುತ್ತದೆ. ಯೂರಿಯಾ ಹೆಚ್ಚು ಚೆಲ್ಲಿದ ಪೈರಿನ ಗತಿ ತಮಗೆ ತಿಳಿದೇ ಇದೆ.

ಬಸುರಿನ ಮಾತನ್ನು ಬಿಡಿಯಾಗಿ ಹೇಳುತ್ತೇನೆ, ಅತ್ತೆಯಂದಿರು ದಯವಿಟ್ಟು ಕಿವಿಗೊಡಬೇಕು. ಈ ಗುಳಿಗೆ ನುಂಗುವ ಸೊಸೆಗೆ ಮುಟ್ಟು ತಪ್ಪಿದರೆ, "ಬಸುರಾದಾಗ ಇಂಗ್ಲಿಷ್ ಔಷಧ ಬ್ಯಾಡ" ಎಂದು ತಡೆಯಬೇಡಿ. ಮೊದಲ ತಿಂಗಳುಗಳಲ್ಲಿ ಹೊಟ್ಟೆಯೊಳಗಿನ ಕೂಸು ಈ ರಸಕ್ಕೆ ತಾಯಿಯನ್ನೇ ನಂಬಿರುತ್ತದೆ. ಅದರ ಮೆದುಳು ಬೆಳೆಯುವುದಕ್ಕೆ ಇದು ಬೇಕು. ಆ ಸಮಯದಲ್ಲಿ ಗುಳಿಗೆಯ ಪ್ರಮಾಣವನ್ನು ಹೆಚ್ಚಿಸಬೇಕಾಗುವುದೇ ಸಾಮಾನ್ಯ. ಆದುದರಿಂದ ಮೂರು ತಿಂಗಳು ತುಂಬಲಿ ಎಂದು ಕಾಯದೆ, ತಿಳಿದ ವಾರವೇ ದವಾಖಾನೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಬೇಕು.

ಈಗ ಕಠಿಣವಾದ ಮಾತಿಗೆ ಬರುತ್ತೇನೆ. ಗುಳಿಗೆ ಸರಿಯಾಗಿ ನಡೆದು, ಅಂಕಿ ಸರಿಯಾದ ಮೇಲೆಯೂ ಎಲ್ಲರ ದಣಿವೂ ಪೂರ್ತಿ ಹೋಗುವುದಿಲ್ಲ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಸ್ವಲ್ಪ ಉಳಿದೇ ಉಳಿಯುತ್ತದೆ. ನಾನು ಆ ಲೆಕ್ಕದಲ್ಲಿ ಸೇರಿದವಳು. ಇಂಥವರು ಮೊದಲು ರಕ್ತಹೀನತೆ, ಬಿ-12 ಜೀವಸತ್ವದ ಕೊರತೆ, ಸಕ್ಕರೆ ಕಾಯಿಲೆ ಇವುಗಳನ್ನು ನೋಡಿಸಿಕೊಳ್ಳಬೇಕು. ಏಕೆಂದರೆ ಬೇಲಿ ಒಂದು ಹೊಲ ಮೇಯ್ದರೆ ಪಕ್ಕದ ಹೊಲಕ್ಕೂ ಬಾಯಿ ಹಾಕುವುದುಂಟು. ಕಣ್ಣು, ಬಾಯಿ ಎರಡೂ ಒಣಗಿ, ರೊಟ್ಟಿಯ ತುತ್ತು ನೀರಿಲ್ಲದೆ ಇಳಿಯದಿದ್ದರೆ ಅದು ಶೋಗ್ರೆನ್ ಎಂಬ ಬೇರೊಂದು ಕಾಯಿಲೆ ಇರಬಹುದು. ಅದೂ ಇದೇ ಜಾತಿಯದು, ಅದರಲ್ಲಿಯೂ ಗಂಟಲ ಕೆರೆತ, ದಣಿವು ಎರಡೂ ಉಂಟು. ಕೀಲುಗಳು ಬೆಳಿಗ್ಗೆ ಊದಿ ಬಿಗಿದುಕೊಂಡರೆ ಅದನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಎಲುಬು, ಕೀಲು ನೋಯುವುದೂ ಇರುವುದರಿಂದ, ಯಾವ ನೀರು ಕುಡಿಯುತ್ತೀರಿ ಎಂಬುದನ್ನು ಡಾಕ್ಟರರು ಕೇಳದಿದ್ದರೂ ತಾವೇ ತಿಳಿಸಿ.

ಇವೆಲ್ಲ ನೋಡಿಸಿದ ಮೇಲೂ ಉಳಿದ ದಣಿವಿನೊಂದಿಗೆ ಒಕ್ಕಲುತನ ಮಾಡುವುದು ಹೇಗೆ? ಬಾವಿಯಲ್ಲಿ ಎರಡು ತಾಸಿನ ನೀರಿದ್ದರೆ ನಾಲ್ಕು ಎಕರೆಗೆ ಹರಿಸುತ್ತೀರಾ? ಇಲ್ಲ. ಯಾವ ಮಡಿಗೆ ಇಂದು, ಯಾವ ಮಡಿಗೆ ನಾಳೆ ಎಂದು ಎಣಿಸುತ್ತೀರಿ. ಮೈಯ ಬಲವನ್ನೂ ಹಾಗೆಯೇ ಎಣಿಸಬೇಕು. ನನ್ನ ಮೈಗೆ ಬೆಳಗಿನ ಮೂರು ತಾಸು ಚೆನ್ನಾಗಿ ನಡೆಯುತ್ತದೆ. ಕಸ ತೆಗೆಯುವುದು, ಬುಟ್ಟಿ ಹೊರುವುದು, ಬಗ್ಗಿ ಮಾಡುವ ಕೆಲಸ ಏನಿದ್ದರೂ ಆಗಲೇ ಮುಗಿಸುತ್ತೇನೆ. ಊಟದ ನಂತರ ಒಂದು ತಾಸು ಅಡ್ಡಾಗುತ್ತೇನೆ. ಎದ್ದ ಮೇಲೆ ಶೇಂಗಾ ಸುಲಿಯುವುದು, ಕಾಳು ಹಸನು ಮಾಡುವುದು, ಕುಳಿತು ಮಾಡುವ ಕೆಲಸ. ಸೋತ ಮೇಲೆ ಅಡ್ಡಾಗುವುದಕ್ಕಿಂತ ಸೋಲುವ ಮೊದಲೇ ಅಡ್ಡಾದರೆ ಸಂಜೆಗೆ ಬಲ ಉಳಿಯುತ್ತದೆ. ಇದನ್ನು ತಿಳಿಯಲು ನನಗೆ ಎರಡು ಸುಗ್ಗಿ ಬೇಕಾದವು. ಪೂರಾ ಮಲಗಿಯೇ ಇದ್ದರೂ ದಣಿವು ಬಲಿಯುತ್ತದೆ. ಹೊಲದವರೆಗೆ ದಿನಾ ನಡೆದು ಬರಬೇಕು, ನಿಧಾನವಾಗಿಯಾದರೂ.

ಗಂಗಾವತಿಯ ಕಡೆ ಕಾಲುವೆ ನೀರಿನ ಗದ್ದೆಯಲ್ಲಿ ಭತ್ತದ ನಾಟಿ ಮಾಡುವ ಅಕ್ಕಂದಿರಿಗೆ ನೀರಿನ ತಣುಪು, ಬಗ್ಗಿದ ಬೆನ್ನು ಎರಡೂ ಕೂಡಿ ಬಹಳ ತ್ರಾಸ. ಗುಂಪಿನಲ್ಲಿ ಮಾತಾಡಿಕೊಂಡು, ಸಸಿ ಕಿತ್ತು ಸೂಡು ಕಟ್ಟುವ ಕೆಲಸವನ್ನು ಇಂಥವರಿಗೆ ಬಿಟ್ಟುಕೊಡುವುದು ಸಾಧ್ಯ. ಯಲಬುರ್ಗಿ, ಕುಷ್ಟಗಿಯ ಮಳೆಯಾಶ್ರಿತ ಹೊಲಗಳಲ್ಲಿ ಕೆಲಸವೆಲ್ಲ ಒಮ್ಮೆಗೇ ಬೀಳುತ್ತದೆ. ಹಸಿ ಆರುವ ಮುನ್ನ ಬಿತ್ತಬೇಕು, ಕಾಯುವಂತಿಲ್ಲ. ಅಂಥ ಹತ್ತು ದಿನಗಳಲ್ಲಿ ಹೊಲದ ಕೆಲಸಕ್ಕೆ ಆಕೆ ಬೇಕೆಂದಾದರೆ ಮನೆಯ ರೊಟ್ಟಿಯನ್ನು ಬೇರೆಯವರು ಬಡಿಯಬೇಕು. ಎರಡೂ ಆಕೆಯ ತಲೆಯ ಮೇಲೆ ಬಿದ್ದರೆ ಆಮೇಲಿನ ತಿಂಗಳು ಎರಡೂ ನಿಲ್ಲುತ್ತವೆ. ಎಳ್ಳಮಾವಾಸ್ಯೆಯ ಚರಗದ ಅಡಿಗೆಗೂ ಇದೇ ಮಾತು. ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಹೋಳಿಗೆ, ಇಪ್ಪತ್ತು ಮಂದಿಗೆ ಒಬ್ಬಳೇ ಬೇಯಿಸಿ, ಅದನ್ನು ಹೊತ್ತು ಹೊಲಕ್ಕೆ ಬರಬೇಕೆಂದು ಯಾವ ಭೂಮಿತಾಯಿಯೂ ಕೇಳಿಲ್ಲ.

ನಮ್ಮ ಓಣಿಯಲ್ಲಿ ಕೇಳಿದ ಒಂದು ಮಾತುಕತೆ:

"ಏನವ್ವಾ, ಹೊತ್ತು ಏರಿದ್ರೂ ಎದ್ದಿಲ್ಲಲ್ಲ?"

"ಅತ್ತಿ, ಮೈಯಾಗ ಬಲಾನ ಇಲ್ರಿ."

"ನಮ್ಮ ಕಾಲದಾಗ ಹಡೆದ ಹದಿನೈದು ದಿನಕ್ಕ ಹೊಲಕ್ಕ ಹೋಗತಿದ್ವಿ."

"ಹೌದ್ರಿ ಅತ್ತಿ. ಆಗ ನಿಮ್ಮ ಗಂಟಲು ಹಿಂಗ ಒಡದಿತ್ತೇನ್ರಿ?"

ಅತ್ತೆ ಸುಮ್ಮನಾದರು. ನಿಂತು ಸೊಸೆಯ ಮುಖವನ್ನು ನೋಡಿದರು. ಮುಂದಿನ ಸೋಮವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋದದ್ದನ್ನು ನಾನು ಕಂಡೆ. ರಕ್ತ ಇಬ್ಬರೂ ಕೊಟ್ಟರಂತೆ. ಗುಳಿಗೆ ಬಂದದ್ದೂ ಇಬ್ಬರಿಗೂ.

ಗಂಟಲನ್ನು ಹಗಲಿಡೀ ಕಾಪಾಡಿಕೊಳ್ಳುವ ಬಗೆ ಸುಲಭ. ರಾಶಿ ಮಾಡುವಾಗ, ತೂರುವಾಗ, ಮೆಣಸಿನಕಾಯಿ ಮುಟ್ಟುವಾಗ, ಮರ ಉಜ್ಜುವಾಗ ಮೂಗು ಬಾಯಿಗೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿರಿ, ಗಾಳಿ ಬರುವ ದಿಕ್ಕಿಗೆ ನಿಲ್ಲಿರಿ. ತಂಬಿಗೆ ನೀರು ಹತ್ತಿರವಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯಿರಿ. ರಾತ್ರಿ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿದರೆ ಹಿತವಾಗುತ್ತದೆ. ಪದೇ ಪದೇ ಖಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಚಟ ಕೆರೆತವನ್ನು ಹೆಚ್ಚಿಸುತ್ತದೆ. ಆ ಬದಲು ಒಂದು ಗುಟುಕು ನೀರು ನುಂಗಿ. ಉಂಡ ಕೂಡಲೇ ಮಲಗಿದರೆ ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲನ್ನು ಸುಡುತ್ತದೆ. ಎಲೆ ತಂಬಾಕು, ಗುಟ್ಕಾ ಹಾಕುವವರಿಗೆ ಯಾವ ಮುಕ್ಕಳಿಕೆಯೂ ಉಪಯೋಗವಿಲ್ಲ, ಮೊದಲು ಅದನ್ನು ಬಿಡಬೇಕು. ಇಷ್ಟಾಗಿಯೂ ಧ್ವನಿ ಮೂರು ವಾರಕ್ಕಿಂತ ಹೆಚ್ಚು ಒಡೆದೇ ಇದ್ದರೆ, ಕುತ್ತಿಗೆಯ ಗಂಟು ಬೇಗ ಬೇಗ ಬೆಳೆದರೆ, ಅನ್ನ ನುಂಗಲು ತ್ರಾಸವಾದರೆ, ಉಗುಳಿನಲ್ಲಿ ರಕ್ತ ಕಂಡರೆ ಕಿವಿ ಮೂಗು ಗಂಟಲಿನ ಡಾಕ್ಟರರಿಗೆ ತೋರಿಸಲೇಬೇಕು. ಮಲಗಿದಾಗ ಉಸಿರು ಕಟ್ಟುವಂತಾದರೆ ಅದೇ ದಿನ ಹೋಗಬೇಕು. ಎಲ್ಲ ಗಂಟಲ ಬೇನೆಯನ್ನೂ ಥೈರಾಯ್ಡಿನ ಲೆಕ್ಕಕ್ಕೆ ಹಾಕಿ ಕೂಡಬಾರದು.

ಊಟದ ಬಗ್ಗೆ ಬಹಳ ಹೆದರಿಸುವವರಿದ್ದಾರೆ. ಎಲೆಕೋಸು ತಿನ್ನಬೇಡ, ಶೇಂಗಾ ತಿನ್ನಬೇಡ, ಸಜ್ಜೆ ರೊಟ್ಟಿ ಮುಟ್ಟಬೇಡ. ಸಜ್ಜೆಯ ಮಾತಿಗೆ ಅಲ್ಪ ಆಧಾರವುಂಟು. ಸೂಡಾನ್ ದೇಶದಲ್ಲಿ ಅಯೋಡಿನ್ ಕೊರತೆಯಿರುವ ಜಾಗದಲ್ಲಿ, ದಿನದ ಊಟವೆಲ್ಲ ಸಜ್ಜೆಯೇ ಆದವರಲ್ಲಿ ಗಳಗಂಡ ಹೆಚ್ಚಾಗಿ ಕಂಡದ್ದುಂಟು. ನಾವಾದರೋ ಅಯೋಡಿನ್ ಉಪ್ಪು ತಿನ್ನುತ್ತೇವೆ, ಜೋಳ, ಅಕ್ಕಿ, ಬೇಳೆ, ಸೊಪ್ಪು ಎಲ್ಲ ಬೆರೆಸಿ ಉಣ್ಣುತ್ತೇವೆ. ನಾನು ಚಳಿಗಾಲದಲ್ಲಿ ಸಜ್ಜೆ ರೊಟ್ಟಿ ತಿನ್ನುತ್ತೇನೆ, ನನ್ನ ಅಂಕಿ ಕದಲಿಲ್ಲ. ಎಲೆಕೋಸು ಬೇಯಿಸಿ ತಿಂದರೆ ತೊಂದರೆಯಿಲ್ಲ. ಗುಳಿಗೆಯೊಂದಿಗೆ ಹೊಟ್ಟೆಯಲ್ಲಿ ಜಗಳವಾಡುವುದು ಸೋಯಾ. ಅದನ್ನು ಬೆಳಗಿನ ಹೊತ್ತು ಬಿಟ್ಟರೆ ಸಾಕು. "ಒಂದೇ ತಿಂಗಳಲ್ಲಿ ಬೇರು ಸಮೇತ ಕೀಳುತ್ತೇವೆ, ಗುಳಿಗೆ ಬಿಡಿ" ಎಂದು ಸಂತೆಯಲ್ಲಿ ಪುಡಿ ಮಾರುವವರ ಮಾತು ಕೇಳಿ ರೊಕ್ಕ, ಆರೋಗ್ಯ ಎರಡನ್ನೂ ಕಳೆದುಕೊಂಡವರು ನಮ್ಮ ಸುತ್ತಲೇ ಇದ್ದಾರೆ.

ಕಡೆಯದಾಗಿ ಪರೀಕ್ಷೆಯ ದಿನದ ತಯಾರಿ. ಅಂಕಿ ಒಮ್ಮೆ ಸ್ಥಿರವಾದ ಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತ ಕೊಡಬೇಕು. ನಾನು ಅದಕ್ಕೆ ಸುಗ್ಗಿ ಮುಗಿದು ಮುಂಗಾರು ಇನ್ನೂ ಬಾರದ ದಿನಗಳನ್ನು ಆರಿಸಿಕೊಂಡಿದ್ದೇನೆ. ಮನೆಯಲ್ಲಿ ಯಾರೂ "ಕೆಲಸ ಬಿಟ್ಟು ಎಲ್ಲಿಗೆ" ಎನ್ನುವುದಿಲ್ಲ. ಕೊಪ್ಪಳದಲ್ಲಿ 2015ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ಅದರ ಆಸ್ಪತ್ರೆಯಲ್ಲಿ ಬೆಳಿಗ್ಗೆ ಬೇಗ ಚೀಟಿ ಮಾಡಿಸಿದರೆ ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಬಹುದು. ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಆ ದಿನ ಬೆಳಿಗ್ಗೆ ಗುಳಿಗೆಯನ್ನು ಮನೆಯಲ್ಲಿ ನುಂಗದೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನೀರಿನ ಸಂಗಡ ನುಂಗಿ. ಬುತ್ತಿಯನ್ನು ಒಂದು ತಾಸು ತಡೆದು ಬಿಚ್ಚಿರಿ.